ಪಾಠ ಮುಗಿಯಿತು, ಸರ್ಟಿಫಿಕೇಟ್ ಬರಲಿಲ್ಲ

ಉಡುಪಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ಇನ್‌ಚಾರ್ಜ್ ಸಿಸ್ಟರ್. ಆಸ್ಪತ್ರೆಯ ಕಸ ಬೇರ್ಪಡಿಸುವುದು, ಕೈ ತೊಳೆಯುವುದು, ಸೋಂಕು ಹರಡದಂತೆ ನೋಡಿಕೊಳ್ಳುವುದು, ಇವುಗಳ ತರಬೇತಿಯ ಜವಾಬ್ದಾರಿ ನನ್ನದು. ಈ ವರ್ಷ ಆ ತರಬೇತಿಯನ್ನು ಆನ್‌ಲೈನಿನಲ್ಲಿ ಮಾಡಿಸಿದೆವು. ಸ್ಲೈಡ್ ಮುಂದೆ ಹೋಗಲಿಲ್ಲ. ಮುಗಿಸಿದ ಪಾಠ ಮುಗಿದೇ ಇಲ್ಲ ಎಂದು ತೋರಿಸಿತು. ಬಂದ ಸರ್ಟಿಫಿಕೇಟಿನಲ್ಲಿ ಹೆಸರೇ ಸರಿ ಇರಲಿಲ್ಲ. ಒಂದೊಂದಕ್ಕೂ ಯಾರನ್ನು ಕೇಳಬೇಕು, ಏನೆಂದು ಕೇಳಬೇಕು ಅಂತ ಕಲಿಯುತ್ತಾ ಹೋದೆವು. ಬೇರೆ ಆಸ್ಪತ್ರೆಗಳಲ್ಲಿ ಇದೇ ಕೆಲಸ ಹೊತ್ತ ಸಿಸ್ಟರ್‌ಗಳಿಗೆ ಉಪಯೋಗವಾಗಲಿ ಎಂದು ಎಲ್ಲವನ್ನೂ ಬರೆಯುತ್ತಿದ್ದೇನೆ.

ಈ ಸರ್ಟಿಫಿಕೇಟಿಗೆ ಯಾಕೆ ಇಷ್ಟು ಒದ್ದಾಟ ಎಂದು ಕೇಳುವವರಿದ್ದಾರೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ, ಆಸ್ಪತ್ರೆಯ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಕೆಲಸಕ್ಕೆ ಸೇರಿದಾಗ ಒಮ್ಮೆ, ಆಮೇಲೆ ವರ್ಷಕ್ಕೆ ಒಂದು ಸಲವಾದರೂ ತರಬೇತಿ ಆಗಬೇಕು. ಪ್ರತಿ ವರ್ಷ ಜೂನ್ 30ರೊಳಗೆ ಹಿಂದಿನ ವರ್ಷದ ವರದಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು. ಎಷ್ಟು ಜನಕ್ಕೆ ತರಬೇತಿ ಆಗಿದೆ, ಎಷ್ಟು ಜನಕ್ಕೆ ಆಗಿಲ್ಲ ಎಂದು ಅದರಲ್ಲಿ ಬೇರೆ ಬೇರೆ ಕಾಲಂ ಇದೆ. ಬೇಸಿಗೆಯಲ್ಲಿ ಆ ಕಾಲಂಗಳನ್ನು ತುಂಬುವಾಗ ನಮ್ಮ ಡಾಕ್ಟರ್ ಒಂದು ಮಾತು ಹೇಳಿದರು. "ಈ ವರ್ಷ ಒಬ್ಬರೂ ಬಾಕಿ ಉಳಿಯಬಾರದು ಸಿಸ್ಟರ್, ಎಲ್ಲರದ್ದೂ ದಾಖಲೆ ಇರಬೇಕು."

ನನಗೆ ಮಾತ್ರ ಆ ಕಾಲಂಗಿಂತ ದೊಡ್ಡ ಕಾರಣ ಬೇರೆ ಇದೆ. ಯಾರೋ ಅವಸರದಲ್ಲಿ ಸೂಜಿಯನ್ನು ತಪ್ಪು ಚೀಲಕ್ಕೆ ಹಾಕಿದರೆ ಅದು ಚುಚ್ಚುವುದು ಹಾಕಿದವರಿಗಲ್ಲ. ಚೀಲ ಕಟ್ಟಿ ಎತ್ತುವ ಹೌಸ್‌ಕೀಪಿಂಗ್ ಅಕ್ಕನಿಗೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ, ಮೂರೂ ರಕ್ತದಿಂದ ದಾಟುವಂಥವು. ಹಾಗಾಗಿ ಈ ತರಬೇತಿ ಮೊದಲು ಆ ಅಕ್ಕಂದಿರಿಗೆ ಸರಿಯಾಗಿ ಸಿಗಬೇಕು. ಆನ್‌ಲೈನಿಗೆ ಬಂದಾಗ ಜಾಸ್ತಿ ಕಷ್ಟ ಆದದ್ದೂ ಅವರಿಗೇ.

ಹಿಂದೆ ನಾವು ಡ್ಯೂಟಿ ರೂಮಿನಲ್ಲೇ ಪಾಠ ಮಾಡುತ್ತಿದ್ದೆವು. ಪೆನ್ ಡ್ರೈವಿನಲ್ಲಿ ಒಂದು ಒಳ್ಳೆಯ ಪ್ರೆಸೆಂಟೇಶನ್ ಇತ್ತು. ಅದು ಫ್ಲ್ಯಾಶ್‌ನಲ್ಲಿ ಮಾಡಿದ್ದು. ಅಡೋಬಿಯವರು 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರನ್ನು ನಿಲ್ಲಿಸಿದರು. ಮುಂದಿನ ಜನವರಿಯಿಂದ ಅದು ಓಡಲೇ ಇಲ್ಲ. ಆಮೇಲೆ ಗೋಡೆಯ ಚಾರ್ಟ್ ಮತ್ತು ನನ್ನ ಬಾಯಿ, ಎರಡರಲ್ಲೇ ಪಾಠ ನಡೆಯುತ್ತಿತ್ತು. ಈ ಸಲ ಕನ್ನಡ ದನಿಯಿರುವ, ಕೊನೆಯಲ್ಲಿ ಪರೀಕ್ಷೆಯೂ ಇರುವ ಒಂದು ಕೋರ್ಸ್ ಸಿಕ್ಕಿತು. ಕೋರ್ಸ್ ನಡೆಸುವ ಸಂಸ್ಥೆಯ ಹೆಸರು ಇಲ್ಲಿ ಬೇಡ. ಪಾಠ ಚೆನ್ನಾಗಿಯೇ ಇತ್ತು.

ಮೊದಲ ತಡೆ ಒಟಿಪಿ. ಎಲ್ಲರಿಗೂ ಅವರವರ ಮೊಬೈಲ್ ನಂಬರಿನಲ್ಲಿ ಖಾತೆ ಮಾಡಬೇಕಿತ್ತು. ನಮ್ಮ ಒಬ್ಬ ಅಕ್ಕನ ಹತ್ತಿರ ಸ್ವಂತ ಮೊಬೈಲ್ ಇಲ್ಲ. ಆಸ್ಪತ್ರೆಯ ಪಟ್ಟಿಯಲ್ಲಿ ಇದ್ದದ್ದು ಮಗನ ನಂಬರ್. ಮಗ ಮಲ್ಪೆಯಿಂದ ಬೋಟಿಗೆ ಹೋಗುವವನು. ಆಳ ಸಮುದ್ರಕ್ಕೆ ಹೋದ ಬೋಟಿನಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು? ಒಟಿಪಿಯ ಆಯುಷ್ಯ ಹತ್ತು ನಿಮಿಷ. ನಂಬರ್ ಬದಲಾಯಿಸಲು ಹೋದರೆ ಹಳೆಯ ನಂಬರಿಗೇ ಒಟಿಪಿ ಹೋಗುತ್ತಿತ್ತು. ಹೆಲ್ಪ್‌ಡೆಸ್ಕಿಗೆ ಬರೆದಾಗ ಒಂದು ಹೊಸ ವಿಷಯ ಗೊತ್ತಾಯಿತು. ಆಸ್ಪತ್ರೆಗೆ ಅಂತಲೇ ಒಂದು ಅಡ್ಮಿನ್ ಖಾತೆ ಇರುತ್ತದೆ. ಅದರಿಂದ ಸಿಬ್ಬಂದಿಯ ನಂಬರನ್ನು ನಾವೇ ಬದಲಾಯಿಸಬಹುದು, ಒಟಿಪಿ ಇಲ್ಲದೆ ಪಾಸ್‌ವರ್ಡನ್ನೂ ಕೊಡಬಹುದು. ಅದನ್ನು ಕೇಳಿದರೆ ಮಾತ್ರ ಕೊಡುತ್ತಾರೆ. ನೀವು ಈ ಕೆಲಸ ಶುರು ಮಾಡುವುದಾದರೆ ಮೊದಲ ದಿನವೇ ಅಡ್ಮಿನ್ ಖಾತೆ ಕೇಳಿ.

ಎರಡನೆಯದು, ಸ್ಲೈಡ್ ಮುಂದೆ ಹೋಗದೇ ಇರುವುದು. ಪ್ರತಿ ಸ್ಲೈಡಿನಲ್ಲಿ ದನಿ ಪೂರ್ತಿ ಮುಗಿದ ಮೇಲೇ 'ಮುಂದೆ' ಎಂಬ ಬಟನ್ ಬಣ್ಣ ಬರುವುದು. ಈ ಏರ್ಪಾಡು ನನಗೆ ಒಪ್ಪಿಗೆ. ಇಲ್ಲದಿದ್ದರೆ ಸುಮ್ನೆ ಒತ್ತುತ್ತಾ ಕೊನೆಗೆ ಹೋಗುವವರು ಬಹಳ. ಆದರೆ ವಾರ್ಡಿನ ಕಂಪ್ಯೂಟರಿನಲ್ಲಿ ದನಿ ಶುರುವೇ ಆಗುತ್ತಿರಲಿಲ್ಲ, ಬಟನ್ ಬೂದು ಬಣ್ಣದಲ್ಲೇ ಇತ್ತು. ಕ್ರೋಮ್ ಬ್ರೌಸರ್ 2018ರಿಂದಲೂ ತಾನೇ ತಾನಾಗಿ ಶುರುವಾಗುವ ಸದ್ದನ್ನು ತಡೆಯುತ್ತದೆಯಂತೆ. ಪುಟದ ಮೇಲೆ ನಾವು ಒಂದು ಸಲ ಒತ್ತಿದ ಮೇಲೇ ಅದು ಬಿಡುವುದು. ಸ್ಲೈಡಿನ ಮಧ್ಯೆ ಒಂದು ಸಲ ಕ್ಲಿಕ್ ಮಾಡಿದೆವು, ದನಿ ಬಂತು. ಪ್ರೆಸೆಂಟೇಶನ್ ತೆರೆಯದೇ ಇದ್ದಾಗಲೂ ಹೀಗೇ. ಅದು ಬೇರೆ ಕಿಟಕಿಯಲ್ಲಿ ತೆರೆಯುವಂಥದ್ದು, ಬ್ರೌಸರ್ ಅದನ್ನು ಪಾಪ್‌ಅಪ್ ಎಂದು ತಡೆದಿತ್ತು. ಅಡ್ರೆಸ್ ಪಟ್ಟಿಯ ಬಲ ತುದಿಯಲ್ಲಿ ಸಣ್ಣ ಗುರುತು ಕಾಣುತ್ತದೆ. ಅದನ್ನು ಒತ್ತಿ ಈ ಸೈಟಿಗೆ ಅನುಮತಿ ಕೊಟ್ಟರೆ ಮುಗಿಯಿತು.

ನಿಜವಾದ ಕಷ್ಟ ಆಮೇಲಿನದು. ರಾತ್ರಿ ಪಾಳಿಯ ಒಬ್ಬರು ಸಿಸ್ಟರ್ ಔಷಧಿ ಕೊಟ್ಟು ಮುಗಿದ ಮೇಲೆ ಪಾಠಕ್ಕೆ ಕೂತರು. ನಡುವೆ ರೂಮಿನಿಂದ ಬೆಲ್ ಬಂತು, ಹೋದರು. ಬಂದು ಮತ್ತೆ ಮುಂದುವರಿಸಿ ಕೊನೆಯ ಸ್ಲೈಡ್ ತನಕ ನೋಡಿದರು, ಪರೀಕ್ಷೆಯನ್ನೂ ಬರೆದರು, 'ಅಭಿನಂದನೆಗಳು' ಎಂದೂ ಬಂತು. ಬೆಳಿಗ್ಗೆ ನಾನು ಅಡ್ಮಿನ್ ಖಾತೆಯಲ್ಲಿ ನೋಡಿದರೆ 'ಅಪೂರ್ಣ' ಎಂದಿತ್ತು. ಇನ್ನೊಬ್ಬರದ್ದೂ ಹಾಗೇ. ಮತ್ತೊಬ್ಬರು ಮಾಡಿದ ಪಾಠ ಬೇರೆಯವರ ಖಾತೆಯಲ್ಲಿ ಕಾಣಿಸಿತು. ರಾತ್ರಿ ನಿದ್ದೆ ಬಿಟ್ಟು ಮಾಡಿದವರಿಗೆ ಪುನಃ ಮಾಡಿ ಅನ್ನಲು ಬಾಯಿ ಬರುವುದಿಲ್ಲ, ಅಲ್ವಾ?

ಆಫೀಸಿನಿಂದ ಒಂದು ಈಮೇಲ್ ಹೋಯಿತು. 'ನಿಮ್ಮ ಟ್ರೇನಿಂಗ್ ಸರಿಯಾಗಿ ಓಡುತ್ತಿಲ್ಲ, ಕೂಡಲೇ ಸರಿ ಮಾಡಿ' ಅಂತ. ಉತ್ತರವೂ ಬೇಗ ಬಂತು. ಕ್ಯಾಶ್ ಮತ್ತು ಕುಕಿ (ಸೈಟುಗಳ ನೆನಪಿಗೆ ಬ್ರೌಸರ್ ಕೂಡಿಟ್ಟುಕೊಳ್ಳುವ ಸಣ್ಣ ಕಡತಗಳು) ಅಳಿಸಿ, ಬೇರೆ ಬ್ರೌಸರಿನಲ್ಲಿ ಪ್ರಯತ್ನಿಸಿ. ಅಳಿಸಿದೆವು, ಪ್ರಯತ್ನಿಸಿದೆವು, ಏನೂ ಆಗಲಿಲ್ಲ. ಪುನಃ ಬರೆದರೆ ಪುನಃ ಅದೇ ಉತ್ತರ.

ನಮ್ಮ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗ ಕಿನ್ನಿಮುಲ್ಕಿಯವನು. ಪ್ರಿಂಟರ್ ನೋಡಲು ಬಂದಿದ್ದ. ಅವನಿಗೆ ಈಮೇಲ್ ತೋರಿಸಿದೆ.

"ಸಿಸ್ಟರ್, ಓಡುದಿಲ್ಲ ಅಂತ ಮಾತ್ರ ಬರೆದ್ರೆ ಅವ್ರಿಗೆ ಎಂತ ಗೊತ್ತಾಗ್ತದೆ? ಪೇಷಂಟ್ ಬಂದು ಹುಷಾರಿಲ್ಲ ಅಂದ್ರೆ ನೀವು ಎಲ್ಲಿ ನೋವು, ಯಾವಾಗಿಂದ ಅಂತ ಕೇಳುದಿಲ್ವಾ? ಅದನ್ನೇ ಅವ್ರಿಗೆ ಬರೀರಿ."

ಅವನೇ ಪಕ್ಕದಲ್ಲಿ ಕೂತು ಹೇಳಿದ, ನಾನು ಟೈಪ್ ಮಾಡಿದೆ. ಯಾರ ಖಾತೆ, ಅವರ ಐಡಿ. ಯಾವ ಪಾಠ, ಯಾವ ಸ್ಲೈಡ್, ಆ ಸ್ಲೈಡಿನ ಶೀರ್ಷಿಕೆ ಏನು. ಯಾವ ತಾರೀಕು, ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಎದ್ದು ಹೋದದ್ದು, ಎಷ್ಟು ಗಂಟೆಗೆ ಮುಗಿದದ್ದು. ಕಂಪ್ಯೂಟರೋ ಮೊಬೈಲೋ, ಬ್ರೌಸರ್ ಯಾವುದು, ಅದರ ಆವೃತ್ತಿ ಎಷ್ಟು. ಏನು ಒತ್ತಿದಾಗ ಏನು ಬಂತು, ಏನು ಬರಬೇಕಿತ್ತು. ಜೊತೆಗೆ ಪೂರ್ತಿ ಪರದೆಯ ಸ್ಕ್ರೀನ್‌ಶಾಟ್, ಮೂಲೆಯ ಗಡಿಯಾರ ಕಾಣುವ ಹಾಗೆ. ಒಂದು ಈಮೇಲಿನಲ್ಲಿ ಒಂದೇ ತೊಂದರೆ ಬರೆಯಬೇಕು ಅಂದ. ಮೂರು ಸೇರಿಸಿದರೆ ಸುಲಭದ್ದಕ್ಕೆ ಉತ್ತರ ಕೊಟ್ಟು ದೂರನ್ನೇ ಮುಚ್ಚುತ್ತಾರೆ. ದೂರಿನ ನಂಬರನ್ನು ವಿಷಯದ ಸಾಲಿನಲ್ಲೇ ಇಡಬೇಕು. ಇಲ್ಲದಿದ್ದರೆ ಪ್ರತಿ ಸಲ ಹೊಸಬರು ನೋಡುತ್ತಾರೆ, ಮತ್ತೆ ಕ್ಯಾಶ್ ಅಳಿಸುವಲ್ಲಿಂದ ಶುರು.

ಈ ಈಮೇಲಿಗೆ ಫೋನೇ ಬಂತು. ಮಾತಾಡಿದ ಹುಡುಗಿ ಕನ್ನಡದವರು. ಅವರು ತಿಳಿಸಿಕೊಟ್ಟ ರೀತಿಯನ್ನು ಮರೆಯಲಾರೆ. ಸ್ಲೈಡುಗಳ ಗಂಟು ಬೇರೆ, ಸೈಟ್ ಬೇರೆ. ಸೈಟ್ ಅಂದರೆ ಹಾಜರಿ ಪುಸ್ತಕ ಇಟ್ಟುಕೊಂಡ ಆಫೀಸು ಅಂದುಕೊಳ್ಳಿ ಅಂದರು. ಸ್ಲೈಡುಗಳು ಆಗಾಗ ಸೈಟಿಗೆ ಒಂದು ಸಣ್ಣ ಸಂದೇಶ ಕಳಿಸುತ್ತವೆ. ಇಷ್ಟು ನೋಡಿದರು, ಇಷ್ಟು ಅಂಕ ಬಂತು, ಮುಗಿಯಿತು ಎಂದು. ಈ ಮಾತುಕತೆಯ ಪದ್ಧತಿಗೆ ಸ್ಕಾರ್ಮ್ ಎನ್ನುತ್ತಾರೆ. ಅಮೆರಿಕದ ರಕ್ಷಣಾ ಇಲಾಖೆಯ ಒಂದು ಯೋಜನೆಯಲ್ಲಿ ಹುಟ್ಟಿದ್ದು. ಬಹಳ ಕಡೆ ಇನ್ನೂ ಬಳಕೆಯಲ್ಲಿರುವ ಅದರ 1.2 ಆವೃತ್ತಿ 2001ರದ್ದು.

ರಾತ್ರಿಯ ಸಿಸ್ಟರ್ ಎದ್ದು ಹೋದಾಗ ಕಂಪ್ಯೂಟರ್ ಬಹಳ ಹೊತ್ತು ಸುಮ್ಮನೆ ಇತ್ತು. ಸೈಟ್ ಅವರನ್ನು ಲಾಗೌಟ್ ಮಾಡಿತು. ಆದರೆ ಸ್ಲೈಡುಗಳು ಆಗಲೇ ಕಂಪ್ಯೂಟರಿಗೆ ಇಳಿದಿದ್ದವು. ಅವು ತಮ್ಮ ಪಾಡಿಗೆ ಓಡಿದವು, ಪರೀಕ್ಷೆಯೂ ನಡೆಯಿತು, ಅಭಿನಂದನೆಯೂ ಬಂತು. ಸಂದೇಶಗಳನ್ನು ತೆಗೆದುಕೊಳ್ಳಲು ಆ ಕಡೆ ಯಾರೂ ಇರಲಿಲ್ಲ. ಅವರ ಸರ್ವರಿನ ದಾಖಲೆಯಲ್ಲಿ ಕೊನೆಯ ಸಂದೇಶ ಬಂದ ಹೊತ್ತಿಗೂ ನಾವು ಬರೆದ ಬೆಲ್ ಹೊತ್ತಿಗೂ ಸರಿಯಾಗಿ ತಾಳೆಯಾಯಿತು. ನಾವು ಹೊತ್ತು ಬರೆದಿದ್ದರಿಂದಲೇ ಅದು ಸಿಕ್ಕಿದ್ದು.

ಬಾರದ ಅಂಕವನ್ನು ಕೊಡಲು ಅವರಿಗೂ ಆಗಲಿಲ್ಲ. ಸಿಸ್ಟರ್ ಇನ್ನೊಮ್ಮೆ ಪರೀಕ್ಷೆ ಬರೆಯಬೇಕಾಯಿತು. ಅದು ನನಗೆ ಬೇಸರದ ವಿಷಯವೇ. ಸಂಪರ್ಕ ಕಡಿದಾಗ ಪರದೆಯ ಮೇಲೆ ಒಂದು ಸಾಲು ಎಚ್ಚರಿಕೆ ತೋರಿಸಿದ್ದರೆ ಸಾಕಿತ್ತು. ಹಾಗೆಂದು ಬರೆದು ಕೊಟ್ಟೆ. ನಮ್ಮ ಆಸ್ಪತ್ರೆಯ ಖಾತೆಗಳಿಗೆ ಲಾಗೌಟ್ ಆಗುವ ಸಮಯವನ್ನು ಅವರು ಹೆಚ್ಚಿಸಿದರು. ನಾವೂ ಎರಡು ಅಭ್ಯಾಸ ಮಾಡಿಕೊಂಡೆವು. ಎದ್ದು ಹೋಗುವಾಗ 'ನಿರ್ಗಮಿಸಿ' ಒತ್ತಿಯೇ ಹೋಗುವುದು. ಮುಗಿದ ಮೇಲೂ ಕಿಟಕಿಯನ್ನು ನೇರ ಮುಚ್ಚದೆ ಆ ಬಟನ್ ಒತ್ತಿ, ಮುಖಪುಟದಲ್ಲಿ 'ಪೂರ್ಣ' ಎಂದು ಕಂಡ ಮೇಲೇ ಏಳುವುದು. ಕೊನೆಯ ಸಂದೇಶ ಹೊರಡುವುದು ಆ ಬಟನಿನಿಂದ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಆಗುವ ನಮ್ಮ ಊರಿನಲ್ಲಿ ಇದನ್ನು ಬಿಡುವ ಹಾಗೇ ಇಲ್ಲ.

ಕಸದ ಪಾಠ ಮಾತ್ರ ಅರ್ಧಕ್ಕೆ ಬಿಟ್ಟು ಬಂದರೆ ಪ್ರತಿ ಸಲ ಮೊದಲಿನಿಂದ ಶುರುವಾಗುತ್ತಿತ್ತು. ಅದಕ್ಕೆ ಕಾರಣ ಬೇರೆ. ಎಲ್ಲಿಗೆ ನಿಲ್ಲಿಸಿದ್ದೇವೆ ಎಂಬ ಗುರುತು ಇಡಲು ಸ್ಕಾರ್ಮ್ 1.2ರಲ್ಲಿ 4096 ಅಕ್ಷರಗಳಷ್ಟೇ ಜಾಗ. ಆ ಪಾಠದಲ್ಲಿ ಸ್ಲೈಡುಗಳೂ ಚಟುವಟಿಕೆಗಳೂ ಬಹಳ, ಗುರುತು ಅಷ್ಟರಲ್ಲಿ ಹಿಡಿಸುತ್ತಿರಲಿಲ್ಲ. ಪಾಠವನ್ನು ಎರಡು ಭಾಗ ಮಾಡಿದರು, ಸರಿಯಾಯಿತು.

ಒಬ್ಬರ ಪಾಠ ಇನ್ನೊಬ್ಬರ ಖಾತೆಗೆ ಹೋದದ್ದು ವಾರ್ಡಿನ ಒಂದೇ ಕಂಪ್ಯೂಟರಿನಿಂದ. ಮೊದಲಿನವರು ಲಾಗೌಟ್ ಆಗಿರುವುದಿಲ್ಲ, ನಂತರದವರು ಅದರಲ್ಲೇ ಮುಂದುವರಿಯುತ್ತಾರೆ. ಕಂಪ್ಯೂಟರ್ ಹುಡುಗ ಇನ್‌ಕಾಗ್ನಿಟೋ ಕಿಟಕಿ, ಅಂದರೆ ಹಿಂದಿನವರ ಲಾಗಿನ್ ನೆನಪಿಡದ ಖಾಸಗಿ ಕಿಟಕಿ, ಬಳಸಿ ಅಂದ. ಖಾತೆ ಬೆರೆಯುವುದು ನಿಂತಿತು, ಆದರೆ ಪಾಠ ದಾಖಲಾಗುವುದೂ ನಿಂತಿತು. ಆ ಕೋರ್ಸಿನ ಸ್ಲೈಡುಗಳು ಬೇರೆ ವಿಳಾಸದಿಂದ ಬರುತ್ತವೆ. ಇನ್‌ಕಾಗ್ನಿಟೋದಲ್ಲಿ ಕ್ರೋಮ್ ಹೊರಗಿನ ವಿಳಾಸದ ಕುಕಿಗಳನ್ನು ತಡೆಯುತ್ತದೆ. ಕೊನೆಗೆ ಕ್ರೋಮಿನಲ್ಲೇ ಒಬ್ಬೊಬ್ಬರಿಗೆ ಒಂದೊಂದು ಪ್ರೊಫೈಲ್ ಮಾಡಿ ಕೊಟ್ಟ. ತಮ್ಮ ಹೆಸರಿನ ಚಿತ್ರ ಒತ್ತಿ ಕೂರುವುದು. ಈಗ ಬೆರೆಯುವುದಿಲ್ಲ.

ಅಷ್ಟರಲ್ಲಿ ಜೂನ್ 1 ಬಂತು. ಅಂದಿನಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮಗ ಮನೆಗೆ ಬಂದ, ತನ್ನ ಮೊಬೈಲನ್ನು ಅಮ್ಮನಿಗೆ ಕೊಟ್ಟ. ಅಕ್ಕ ಊಟದ ಹೊತ್ತಿನಲ್ಲಿ ಸ್ಟೋರ್ ರೂಮಿನಲ್ಲಿ ಕೂತು ಪಾಠ ನೋಡಿದರು. ಒಂದನ್ನೂ ಬಿಡದೆ ನೋಡಿದರು. ಪರೀಕ್ಷೆಗೆ ನನ್ನನ್ನು ಕರೆದರು.

ಪರದೆಯ ಕೆಳಗೆ ನಾಲ್ಕು ಡಬ್ಬಿ, ಹಳದಿ, ಕೆಂಪು, ಬಿಳಿ, ನೀಲಿ. ಮೇಲೆ ಒಂದೊಂದೇ ವಸ್ತು ಬರುತ್ತದೆ. ಬೆರಳಿನಲ್ಲಿ ಎಳೆದು ಸರಿಯಾದ ಡಬ್ಬಿಗೆ ಹಾಕಬೇಕು. ಅಕ್ಕ ಬಾಯಲ್ಲಿ ಹೇಳುತ್ತಾ ಎಳೆದರು. "ರಕ್ತದ ಹತ್ತಿ, ಹಳದಿ. ಗ್ಲೌಸ್, ಡ್ರಿಪ್ಪಿನ ಪೈಪ್, ಕೆಂಪು. ಸೂಜಿ, ಬ್ಲೇಡ್, ಬಿಳಿ ಡಬ್ಬಿ. ಇಂಜೆಕ್ಷನ್ನಿನ ಗಾಜಿನ ಬಾಟ್ಲಿ, ನೀಲಿ." ಒಂದೂ ತಪ್ಪಿಲ್ಲ. ಆದರೆ ಬೆರಳು ಎಳೆದಾಗ ವಸ್ತು ಬರುವ ಬದಲು ಪುಟವೇ ಮೇಲೆ ಕೆಳಗೆ ಜಾರುತ್ತಿತ್ತು. ಗ್ಲೌಸ್ ಅರ್ಧ ದಾರಿಯಲ್ಲಿ ಬಿಟ್ಟು ಹೋಗಿ ತನ್ನ ಜಾಗಕ್ಕೇ ಮರಳಿತು. ಸೂಜಿ ಹೋಗಿ ಕೆಂಪು ಡಬ್ಬಿಗೆ ಬಿತ್ತು. ಸಮಯ ಮುಗಿಯಿತು. ಫಲಿತಾಂಶ: ಅನುತ್ತೀರ್ಣ.

"ನಂಗೆ ಗೊತ್ತುಂಟಲ್ಲ ಸಿಸ್ಟರ್" ಅಂದರು ಅಕ್ಕ. ಮುಖ ಸಣ್ಣದಾಗಿತ್ತು. ನನಗೆ ಸಿಟ್ಟೇ ಬಂತು. ದಿನಾ ಈ ಡಬ್ಬಿಗಳನ್ನು ಎತ್ತುವ ಕೈ ಅದು. ಗೊತ್ತಿದ್ದೂ ಫೇಲ್ ಎಂದು ಅವರ ಹೆಸರಿನ ಮುಂದೆ ಬರಬಾರದು.

ಮೊಬೈಲಿನಲ್ಲಿ ಸ್ಕ್ರೀನ್ ರೆಕಾರ್ಡ್ ಎಂಬ ಸೌಲಭ್ಯ ಇದೆ. ಮೇಲಿನಿಂದ ಎಳೆದರೆ ಬರುವ ಗುಂಡಿಗಳಲ್ಲೇ ಹೆಚ್ಚಿನ ಫೋನಿನಲ್ಲಿ ಅದು ಸಿಗುತ್ತದೆ. ಬೆರಳು ತಾಗಿದ ಜಾಗ ಕಾಣುವ ಹಾಗೆ ಆಯ್ಕೆ ಹಾಕಿ, ಅಕ್ಕನ ದನಿಯೂ ಬರುವ ಹಾಗೆ ಇನ್ನೊಮ್ಮೆ ಮಾಡಿಸಿದೆ. ಬಾಯಿ ಸರಿ ಹೇಳುತ್ತಿದೆ, ಪರದೆ ತಪ್ಪು ಮಾಡುತ್ತಿದೆ. ಎರಡೂ ಒಂದೇ ವಿಡಿಯೋದಲ್ಲಿ ಬಂತು. ಎಷ್ಟು ಬರೆದರೂ ತಿಳಿಸಲು ಆಗದ್ದನ್ನು ಆ ಸಣ್ಣ ವಿಡಿಯೋ ತಿಳಿಸಿತು. ಹೆಲ್ಪ್‌ಡೆಸ್ಕಿನ ಹುಡುಗಿ ಅದನ್ನು ತಮ್ಮ ತಂಡಕ್ಕೆ ತೋರಿಸಿದೆ ಅಂದರು. ಸದ್ಯಕ್ಕೆ ವಾರ್ಡಿನ ಕಂಪ್ಯೂಟರಿನಲ್ಲಿ ಮೌಸಿನಿಂದ ಮಾಡಿಸಿ, ನಾವು ಮೊಬೈಲಿನದ್ದನ್ನು ಬದಲಾಯಿಸುತ್ತೇವೆ ಅಂದರು. ಅಕ್ಕನಿಗೆ ಮೌಸ್ ಹೊಸದು. ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಮೌಸ್ ಹಿಡಿಯುವುದನ್ನು ತಾಳ್ಮೆಯಿಂದ ಹೇಳಿಕೊಟ್ಟಳು. ಅಕ್ಕ ತಾವೇ ಎಳೆದರು, ತಾವೇ ಪಾಸಾದರು. ಅಂಕ ಪೂರ್ತಿ. ಸ್ವಲ್ಪ ಸಮಯದ ನಂತರ ಕೋರ್ಸಿನವರು ಮೊಬೈಲಿನ ಪರೀಕ್ಷೆಯನ್ನು ನಿಜವಾಗಿಯೂ ಬದಲಾಯಿಸಿದರು. ಈಗ ಎಳೆಯಬೇಕಿಲ್ಲ. ವಸ್ತುವನ್ನು ಒಮ್ಮೆ ಒತ್ತಿ, ಆಮೇಲೆ ಡಬ್ಬಿಯನ್ನು ಒತ್ತಿದರೆ ಸಾಕು.

ಸರ್ಟಿಫಿಕೇಟ್ ಬಂತು. ಅಕ್ಕನ ಹೆಸರಿನ ಕೊನೆಯಲ್ಲಿ 'ಲಕ್ಷ್ಮಿ' ಇದೆ. ಸರ್ಟಿಫಿಕೇಟಿನಲ್ಲಿ ಅದು 'ಲಕ್‌ಷ್‌ಮಿ' ಎಂದು ಒಡೆದು ಬಂದಿತ್ತು. ಕನ್ನಡ ಶಾಲೆಯಲ್ಲಿ ಓದಿದ ಅಕ್ಕ ಅದನ್ನು ನೋಡಿದ ತಕ್ಷಣ ಹೇಳಿದರು, "ಇದು ಬರೆದದ್ದು ಸರಿ ಇಲ್ಲ."

ನಾವು ಟೈಪ್ ಮಾಡಿದ್ದು ಸರಿಯಾಗಿಯೇ ಇತ್ತು. ಸೈಟಿನ ಪುಟದಲ್ಲೂ ಸರಿಯಾಗಿಯೇ ಕಾಣುತ್ತಿತ್ತು. ಒಡೆದದ್ದು ಪಿಡಿಎಫ್‌ನಲ್ಲಿ. ಯೂನಿಕೋಡಿನಲ್ಲಿ ಒತ್ತಕ್ಷರ ಇಡಿಯಾಗಿ ಇರುವುದಿಲ್ಲ. ಕ, ಅರ್ಧ ಮಾಡುವ ಗುರುತು, ಷ, ಮತ್ತೆ ಆ ಗುರುತು, ಮ, ಹೀಗೆ ಸಾಲಾಗಿ ಇರುತ್ತವೆ. ಅವನ್ನು ಕೂಡಿಸಿ ಒತ್ತಾಗಿ ಬರೆಯುವುದು ಫಾಂಟಿನಲ್ಲಿರುವ ನಿಯಮಗಳನ್ನು ಓದಬಲ್ಲ ತಂತ್ರಾಂಶದ ಕೆಲಸ. ಬ್ರೌಸರುಗಳು ಅದನ್ನು ಮಾಡುತ್ತವೆ, ಪಿಡಿಎಫ್ ತಯಾರಿಸುವ ಕೆಲವು ತಂತ್ರಾಂಶಗಳು ಮಾಡುವುದಿಲ್ಲ. ಹೆಲ್ಪ್‌ಡೆಸ್ಕಿನವರು ಮೊದಲು ಕೊಟ್ಟ ಉಪಾಯ, ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿ ಎಂದು. ಸಿಸ್ಟರ್‌ಗಳಿಗೆ ಅದೇ ಸರಿ. ಅವರ ಹೆಸರು ನರ್ಸಿಂಗ್ ಕೌನ್ಸಿಲ್ ನೋಂದಣಿಯಲ್ಲಿ ಇರುವ ಹಾಗೇ, ಇನಿಶಿಯಲ್ ಹಿಂದೆ ಮುಂದೆ ಆಗದೆ ಬರಬೇಕು. ಆದರೆ ಅಕ್ಕಂದಿರಿಗೆ ನಾನು ಒಪ್ಪಲಿಲ್ಲ. ಪಾಠ ಕನ್ನಡದಲ್ಲಿ, ಪರೀಕ್ಷೆ ಕನ್ನಡದಲ್ಲಿ, ಹೆಸರು ಮಾತ್ರ ಅವರು ಓದಲಾಗದ ಲಿಪಿಯಲ್ಲಿ ಯಾಕೆ? ಸರಿಯಾದ ಹೆಸರಿನ ಸ್ಕ್ರೀನ್‌ಶಾಟ್ ಮತ್ತು ಒಡೆದ ಪಿಡಿಎಫ್ ಎರಡನ್ನೂ ಪಕ್ಕಪಕ್ಕ ಇಟ್ಟು ಪುನಃ ಬರೆದೆ. ಸರ್ಟಿಫಿಕೇಟನ್ನು ಮೊದಲು ವೆಬ್ ಪುಟವಾಗಿ ಮಾಡಿ, ಬ್ರೌಸರಿನ ಮೂಲಕವೇ ಪಿಡಿಎಫ್‌ಗೆ ತಿರುಗಿಸುವ ಹಾಗೆ ಅವರು ಬದಲಾಯಿಸಿದರು. ಒತ್ತುಗಳು ಸರಿಯಾಗಿ ಬಂದವು. ಹೊಸ ಪ್ರತಿಗೆ ಹಳೆಯ ಸರ್ಟಿಫಿಕೇಟ್ ನಂಬರೇ ಇದೆಯೇ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹೊಸ ಹೆಸರೇ ಬರುತ್ತದೆಯೇ ಎಂದು ನೋಡಿಕೊಳ್ಳಿ. ನಮ್ಮಲ್ಲಿ ಒಬ್ಬರದ್ದು ಹಾಗೆ ಬಂದಿರಲಿಲ್ಲ, ಅದನ್ನೂ ಬರೆದು ಸರಿ ಮಾಡಿಸಿದೆವು.

ಈಗ ಹೊಸದಾಗಿ ಯಾರು ಸೇರಿದರೂ ಮೊದಲು ಅವರ ಕೈಯಲ್ಲೇ ಇರುವ ಮೊಬೈಲ್ ನಂಬರ್ ಕೇಳುತ್ತೇವೆ, ಹೆಸರನ್ನು ಅವರಿಂದಲೇ ಬರೆಸಿಕೊಳ್ಳುತ್ತೇವೆ, ಪ್ರೊಫೈಲ್ ಮಾಡಿ ಕೊಡುತ್ತೇವೆ. ದೂರು ಬರೆಯುವಾಗ ಏನೇನು ಇರಬೇಕು ಎಂಬ ಪಟ್ಟಿ ಡ್ಯೂಟಿ ರೂಮಿನ ಕಂಪ್ಯೂಟರಿನ ಪಕ್ಕ ಅಂಟಿಸಿದೆ. ಒಂದು ವಿಷಯ ಮಾತ್ರ ಬಾಕಿ. ಹೆಲ್ಪ್‌ಡೆಸ್ಕಿನ ದೂರಿನ ನಮೂನೆ ಇನ್ನೂ ಇಂಗ್ಲಿಷಿನಲ್ಲೇ ಇದೆ, ಅಕ್ಕಂದಿರ ಪರವಾಗಿ ನಾನೇ ತುಂಬಬೇಕು. ಕನ್ನಡದ ನಮೂನೆ ಬೇಕು, ಬರೆಯಲು ಕಷ್ಟವಾದವರಿಗೆ ದನಿ ಕಳಿಸುವ ಅವಕಾಶವೂ ಬೇಕು ಎಂದು ಕೇಳಿದ್ದೇನೆ. ದೂರಿನ ನಂಬರ್ ಬಂದಿದೆ.